ಮೂರನೆಯ ದಿನವೇ ಮನೆ ಬಾಗಿಲಿಗೆ ಹೋಗಿ

ಯುವಕ ಸಂಘದವರ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ. ಗಣೇಶೋತ್ಸವದ ಲೆಕ್ಕದಲ್ಲಿ ಹಣ ಉಳಿದಿದೆ, ಊರಿನ ಪ್ರೌಢಶಾಲೆಯ ಮಕ್ಕಳು ನಡುವೆಯೇ ಓದು ಬಿಡುತ್ತಿದ್ದಾರೆ, ಜಾಥಾ ನಡೆಸಿ ನೋಟ್‌ಬುಕ್ ಹಂಚಿದರೆ ಸಾಕೇ ಎಂದು ಕೇಳಿದ್ದೀರಿ. ನಮ್ಮ ಈ ಕಬ್ಬು ಬೆಳೆಗಾರರ ಗುಂಪಿಗೂ ಇದಕ್ಕೂ ಏನು ಸಂಬಂಧ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಸಂಬಂಧ ಚೆನ್ನಾಗಿಯೇ ಇದೆ. ಶಾಲೆ ಬಿಟ್ಟ ಹುಡುಗ ಮೊದಲು ಬಂದು ನಿಲ್ಲುವುದು ನಮ್ಮ ಗದ್ದೆಯ ಬದುವಿನ ಮೇಲೆ, ನಮ್ಮ ಆಲೆಮನೆಯ ಅಂಗಳದಲ್ಲಿ.

ಜಾಥಾ ಬೇಡ. ನೋಟ್‌ಬುಕ್ಕೂ ಬೇಡ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕುಳಿತು ನಾನು ಕಂಡಂತೆ, ನೋಟ್‌ಬುಕ್ ಇಲ್ಲವೆಂದು ಯಾವ ಮಗುವೂ ಶಾಲೆ ಬಿಟ್ಟಿಲ್ಲ. ಬಿಡುವುದು ಹೀಗೆ: ವಿಶ್ವೇಶ್ವರಯ್ಯ ನಾಲೆಗೆ ನೀರು ಬಂದು ನಾಟಿ ಶುರುವಾದಾಗ ಒಂದು ವಾರ ತಪ್ಪುತ್ತದೆ. ಮರಳಿ ತರಗತಿಗೆ ಬಂದರೆ ಗಣಿತದಲ್ಲಿ ಒಂದು ಪಾಠ ಮುಗಿದಿರುತ್ತದೆ, ಕೇಳಲು ನಾಚಿಕೆ. ಕಟಾವಿನ ಹೊತ್ತಿಗೆ ಹದಿನೈದು ದಿನ ತಪ್ಪುತ್ತದೆ. ಅಷ್ಟರಲ್ಲಿ ಕೈಗೆ ಕೂಲಿ ಬಂದಿರುತ್ತದೆ, ಕಂತಿನಲ್ಲಿ ಮೊಬೈಲೂ ಬಂದಿರುತ್ತದೆ. ಹತ್ತನೆಯ ತರಗತಿಯಾದರೆ ಶೇಕಡಾ 75 ಹಾಜರಾತಿ ಇಲ್ಲದೆ ಪರೀಕ್ಷೆಗೆ ಕೂರಲಾಗದು ಎಂಬ ಭಯವೂ ಸೇರಿಕೊಳ್ಳುತ್ತದೆ. 'ಶಾಲೆ ಬಿಟ್ಟೆ' ಎಂದು ಯಾವ ಮಗುವೂ ಒಂದು ದಿನ ಕೂತು ತೀರ್ಮಾನಿಸುವುದಿಲ್ಲ.

ಕಾನೂನು ನೋಡಿಕೊಳ್ಳುತ್ತದೆ ಎಂದು ಸುಮ್ಮನಿರುವಂತಿಲ್ಲ. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ, ಎಂಟನೆಯ ತರಗತಿಯವರೆಗೆ. ನಮ್ಮಲ್ಲಿ ಪ್ರೌಢಶಾಲೆ ಎಂಟರಿಂದ ಶುರು. ಅಂದರೆ ಒಂಬತ್ತು, ಹತ್ತರಲ್ಲಿ ಮಗು ಕಾಣೆಯಾದರೆ ಹುಡುಕಿಕೊಂಡು ಹೋಗುವ ಒತ್ತಾಯ ಯಾರ ಮೇಲೂ ಅಷ್ಟಾಗಿ ಇಲ್ಲ. ನಿಮ್ಮ ಸಂಘಕ್ಕೆ ಕೆಲಸವಿರುವುದು ಈ ಎರಡು ವರ್ಷಗಳಲ್ಲಿ.

ಆದ್ದರಿಂದ ಒಂದು ಪುಸ್ತಕ ಇಡಿ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದು, ಸತತ ಮೂರು ದಿನ ಬಾರದ ಮಗುವಿನ ಹೆಸರನ್ನು ತರಗತಿ ಶಿಕ್ಷಕರು ನಿಮ್ಮಲ್ಲಿ ಒಬ್ಬರಿಗೆ ಮಾತ್ರ ತಿಳಿಸಲಿ. ಗುಂಪಿನಲ್ಲಿ ಹೆಸರು ಹಾಕಬೇಡಿ. ಮರ್ಯಾದೆ ಹೋಯಿತೆಂದು ಮನೆಯವರು ಬಾಗಿಲು ತೆರೆಯುವುದಿಲ್ಲ. ಅದೇ ಸಂಜೆ ಇಬ್ಬರು ಹೋಗಿ. ಉಪದೇಶ ಬೇಡ, ಏಕೆ ಬರಲಿಲ್ಲ ಎಂದು ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆಯಿರಿ. ಹುಡುಗಿಯರ ಮನೆಗೆ ಹುಡುಗಿಯರೇ ಹೋಗಲಿ. ಹಾಗಾಗಿ ಯುವಕ ಸಂಘ ಎಂಬ ಹೆಸರಿನಲ್ಲಿ ಬರೀ ಗಂಡು ಹುಡುಗರೇ ಇದ್ದರೆ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಒಂದು ತಿಂಗಳ ಪುಸ್ತಕ ನೋಡಿದರೆ ನಿಮ್ಮ ಊರಿನ ಕಾರಣಗಳು ತಾವೇ ಕಾಣುತ್ತವೆ. ನಾಗಮಂಗಲದ ಮಳೆಯಾಶ್ರಿತ ಊರಿನ ಕಾರಣ ಬೇರೆ, ನಮ್ಮ ಪಾಂಡವಪುರದ ನಾಲಾ ಬಯಲಿನದು ಬೇರೆ.

ಮುಂದಾಳು ಯಾರಾಗಬೇಕು? ಇಲ್ಲಿ ನನಗೆ ಖಚಿತ ಅಭಿಪ್ರಾಯವಿದೆ. ಊರಿಗೆ ಮೊದಲ ಸ್ಥಾನ ಬಂದವನನ್ನು ವೇದಿಕೆ ಹತ್ತಿಸಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತವೋ ಇಂಗ್ಲಿಷೋ ಹೋಗಿ, ಮತ್ತೆ ಕಟ್ಟಿ ಪಾಸಾಗಿ, ಈಗ ಐಟಿಐ ಓದುತ್ತಲೋ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಲೋ ಇರುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅವರ ಮಾತಿಗೆ ಹದಿನೈದರ ಹುಡುಗ ಕಿವಿ ಕೊಡುತ್ತಾನೆ. ನಮ್ಮಂಥ ಹಿರಿಯರು ಹಿಂದೆ ಕುಳಿತರೆ ಸಾಕು. ಕೀಲಿಕೈ, ಪುಸ್ತಕ, ಹಣ ಮೂರೂ ಅವರ ಕೈಯಲ್ಲಿರಲಿ. ಅಧ್ಯಕ್ಷ ಸ್ಥಾನ ಕೊಟ್ಟು ಹಣ ಮಾತ್ರ ನಾವು ಹಿಡಿದುಕೊಳ್ಳುವ ಅಭ್ಯಾಸ ನಮ್ಮ ಊರುಗಳಲ್ಲಿ ಬಹಳ ಇದೆ. ಇಪ್ಪತ್ತರ ಹುಡುಗರಿಂದ ಏನಾಗುತ್ತದೆ ಎನ್ನುವವರು ಪಕ್ಕದ ಹೆಗ್ಗಡದೇವನಕೋಟೆ ಕಡೆ ನೋಡಲಿ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮುಂದೆ ಹೊಸಹಳ್ಳಿಯಲ್ಲಿ ಆದಿವಾಸಿ ಮಕ್ಕಳಿಗಾಗಿ ಶಾಲೆಯನ್ನೇ ನಡೆಸಿತು.

ಉಳಿದ ಹಣವನ್ನು ಸಂಜೆ ತರಗತಿಗೆ ಹಾಕಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಜಾಗ ಕೇಳಿ, ಗಣಿತ ಮತ್ತು ಇಂಗ್ಲಿಷ್ ಮಾತ್ರ ಸಾಕು. ಬಾಗಿಲು ತೆರೆದಿರಲಿ, ದೊಡ್ಡವರು ಇಬ್ಬರಾದರೂ ಇರಲಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ನಿಮಗೆ ನಿದ್ದೆ ಇರಬಾರದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಅದೇ ವರ್ಷ ಮುಂದಿನದರಲ್ಲಿ ಕಟ್ಟಬಹುದು. ಆದರೆ ಹೆಸರು ನೋಂದಾಯಿಸಲು ಸಿಗುವುದು ಕೆಲವೇ ದಿನ, ಅದೂ ಶಾಲೆಯ ಮೂಲಕ. ಆ ದಿನಗಳಲ್ಲಿ ಫೇಲಾದ ಮಗು ಶಾಲೆಯ ಕಡೆ ತಲೆ ಹಾಕುವುದಿಲ್ಲ, ಬೆಂಗಳೂರಿನ ಬಸ್ ಹತ್ತಿರುತ್ತದೆ. ಫಲಿತಾಂಶದ ಮರುದಿನವೇ ಫೇಲಾದವರ ಮನೆಗೆ ಹೋಗಿ, ಕೈಹಿಡಿದು ಕರೆತಂದು ಅರ್ಜಿ ತುಂಬಿಸಿ. ಶುಲ್ಕವಿದ್ದರೆ ಸಂಘವೇ ಕಟ್ಟಲಿ. ಒಂಬತ್ತರಲ್ಲೇ ಬಿಟ್ಟು ಮರಳಿ ತರಗತಿಯಲ್ಲಿ ಕೂರಲು ಒಪ್ಪದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಹದಿನಾಲ್ಕು ತುಂಬಿದ್ದರೆ ಹತ್ತನೆಯ ತರಗತಿಗೆ ಸೇರಬಹುದು, ಒಮ್ಮೆ ನೋಂದಾಯಿಸಿದರೆ ಐದು ವರ್ಷದೊಳಗೆ ವಿಷಯಗಳನ್ನು ಮುಗಿಸಬಹುದು. ಇದು ಎರಡನೆಯ ದಾರಿ. ಶಾಲೆಗೆ ಮರಳುವ ಮಗುವಿಗೆ ಮೊದಲೇ ಇದನ್ನು ತೋರಿಸಬೇಡಿ.

ಹಣದ ವಿಷಯ ನಮಗೇ ಸೇರಿದ್ದು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಎಂಬ ಸರ್ಕಾರಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯ ರೈತರ ಹೆಣ್ಣುಮಕ್ಕಳಿಗೆ ವರ್ಷಕ್ಕೆ 2,000 ರೂಪಾಯಿ ನಿಗದಿಯಾಗಿತ್ತು, ಹತ್ತರ ನಂತರ ಗಂಡುಮಕ್ಕಳಿಗೂ ಇತ್ತು. ಈ ವರ್ಷದ ಸ್ಥಿತಿಯನ್ನು ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಇದಕ್ಕೆ ತಂದೆಯದೋ ತಾಯಿಯದೋ ಫ್ರೂಟ್ಸ್ ಸಂಖ್ಯೆ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಬೇಕು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದ್ದರೆ ಆ ಸಂಖ್ಯೆಯೇ ಆಗುವುದಿಲ್ಲ. ಅಣ್ಣತಮ್ಮಂದಿರ ಜಗಳಕ್ಕೆ ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ನಿಂತು ಮಗಳ ವಿದ್ಯಾರ್ಥಿವೇತನ ತಪ್ಪುವುದು ಎಷ್ಟು ಮನೆಗಳ ಕಥೆ ಎಂದು ಗುಂಪಿನ ಹಿರಿಯರಿಗೆ ಗೊತ್ತು. ಅರ್ಜಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇವನ್ನು ಮೊಬೈಲ್ ಬಲ್ಲ ಹುಡುಗರು ಒಂದು ಭಾನುವಾರ ಕುಳಿತು ಮಾಡಿಕೊಡಬಹುದು.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ ಪ್ರಯಾಣ ಉಚಿತ, ಸರಿ. ಆದರೆ ಸಂಜೆಯ ಬಸ್ ತಪ್ಪಿದರೆ ಕತ್ತಲಾಗುತ್ತದೆ, ಆ ಒಂದೇ ಕಾರಣಕ್ಕೆ ಮನೆಯವರು ಬಿಡಿಸುತ್ತಾರೆ. ವೇಳೆ ಬದಲಿಸಲು ಡಿಪೋಗೆ ಕೊಡುವ ಮನವಿಯಲ್ಲಿ ಆ ಹುಡುಗಿಯರದೇ ಸಹಿ ಇರಲಿ. ಮಕ್ಕಳ ಗ್ರಾಮಸಭೆಯಲ್ಲಿ ಅವರೇ ಎದ್ದು ಕೇಳಲಿ, ನಡಾವಳಿಯಲ್ಲಿ ಬರೆಸಿ. ಮದುವೆಯ ಮಾತು ನಡೆಯುತ್ತಿದೆ ಎಂದು ತಿಳಿದರೆ ನೀವೇ ಜಗಳಕ್ಕೆ ನಿಲ್ಲಬೇಡಿ, 1098ಕ್ಕೆ ಕರೆ ಮಾಡಿ.

ಇನ್ನು ಬೆಳೆಗಾರರಿಗೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ಹದಿನಾಲ್ಕರೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ, ಹದಿನೆಂಟರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ. ಕುದಿಯುವ ಕೊಪ್ಪರಿಗೆಯ ಮುಂದೆ, ಗಾಣದ ಬಾಯಲ್ಲಿ ಹದಿನೈದರ ಹುಡುಗನನ್ನು ನಿಲ್ಲಿಸಲು ಕಾನೂನಿನ ಅರ್ಥ ಬಿಡಿಸುವ ಅಗತ್ಯವಾದರೂ ಏನಿದೆ? ಆಳು ಸಿಗುವುದಿಲ್ಲ ಎಂಬ ನಮ್ಮ ಕಷ್ಟ ನಿಜ, ನನಗೂ ಇದೆ. ಹಾಗಿದ್ದರೂ ಶಾಲೆಯ ದಿನಗಳಲ್ಲಿ ಶಾಲೆಯ ವಯಸ್ಸಿನವರಿಗೆ ಕೂಲಿ ಕೊಡುವುದಿಲ್ಲ ಎಂದು ನಿಮ್ಮ ಊರಿನ ಗುಂಪಿನ ಸದಸ್ಯರು ಒಪ್ಪಿಕೊಂಡರೆ ಪುಸ್ತಕದ ಅರ್ಧ ಹೆಸರುಗಳು ಬರುವುದೇ ಇಲ್ಲ. ಈ ಮಾತನ್ನು ಸಂಘದ ಹುಡುಗರೇ ಬಂದು ನಮ್ಮ ಮುಂದೆ ಇಡಲಿ, ಸಿಟ್ಟಾಗುವವರು ಸಿಟ್ಟಾಗಲಿ.

ಪುಸ್ತಕದಲ್ಲಿ ಐದು ಕಾಲಂ ಸಾಕು: ದಿನಾಂಕ, ತರಗತಿ, ಮನೆಯವರು ಹೇಳಿದ ಕಾರಣ, ಯಾರು ಹೋಗಿದ್ದರು, ಮಗು ಮರಳಿದ ದಿನ. ಹೆಸರಿನ ಬದಲು ಒಂದು ಸಂಖ್ಯೆ ಹಾಕಿ, ಹೆಸರುಗಳ ಪಟ್ಟಿ ಬೇರೆ ಇರಲಿ. ನಾಟಿ ಶುರುವಾಗುವ ಮೊದಲೇ ಮುಖ್ಯ ಶಿಕ್ಷಕರನ್ನು ಕಂಡು ಬನ್ನಿ.