ಪ್ರೈಡ್ ಮೆರವಣಿಗೆಗೆ ಕರೆದರೂ ಅಂಗವಿಕಲರು ಯಾಕೆ ಬರಲಿಲ್ಲ?

ಕಾಸರಗೋಡಿನಲ್ಲಿ ನೀವು ಮಾಡಿದ ಪ್ರೈಡ್ (ಸಲಿಂಗಿಗಳು, ಟ್ರಾನ್ಸ್‌ಜೆಂಡರ್ ಮುಂತಾದವರ) ಮೆರವಣಿಗೆಗೆ ಕರೆದರೂ ಅಂಗವಿಕಲರು ಬರಲಿಲ್ಲ ಅಂದಿರಿ. ಹೆಚ್ಚಾಗಿ ಕಾರಣ ವೀಲ್‌ಚೇರ್ ಹತ್ತಿಸುವ ರ‍್ಯಾಂಪ್ ಇಲ್ಲದ್ದಲ್ಲ, ಕರೆತರುವವರು ಇಲ್ಲದ್ದು. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರು ತುಂಬ ಇರುವ ಎಣ್ಮಕಜೆಯಂಥ ಕಡೆಯಿಂದ ಹಲವರು ಒಬ್ಬರೇ ಬರಲಾರರು. ಜೊತೆಗೆ ಮನೆಯವರನ್ನೇ ಕರೆದರೆ ತಾವು ಈ ಸಮುದಾಯದವರು ಅನ್ನೋ ಗುಟ್ಟು ಬಯಲಾಗುವ ಭಯ, ಅಲ್ವಾ? ಅದಕ್ಕೆ ಮೊದಲು ನಿಮ್ಮ ಕಡೆಯಿಂದ ಗಾಡಿ ಮತ್ತು ಜೊತೆಗೊಬ್ಬರನ್ನು ಕಳಿಸಿ. ಎಲ್ಲಿ ಹತ್ತಿಸಬೇಕು ಅಂತ ಬರುವವರೇ ಹೇಳಲಿ. ಗಾಡಿಗೆ ಬ್ಯಾನರ್ ಬೇಡ.

ಆಮೇಲೆ ವೀಲ್‌ಚೇರ್ ಬಳಸುವ ಒಬ್ಬರ ಜೊತೆ ಇಡೀ ದಾರಿ ನೋಡಿ ಬನ್ನಿ. ಸುಮ್ನೆ ಕರೆಯಬೇಡಿ, ಅವರ ಸಮಯಕ್ಕೆ ದುಡ್ಡು ಕೊಡಿ. ಚರಂಡಿ ಸ್ಲ್ಯಾಬ್‌ಗಳ ಸಂದಿಯಲ್ಲಿ ಮುಂದಿನ ಸಣ್ಣ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ.

ವೇದಿಕೆಗೆ ರ‍್ಯಾಂಪ್ 1:12 ಇರಬೇಕು, ಅಂದರೆ 2 ಅಡಿ ಎತ್ತರಕ್ಕೆ 24 ಅಡಿ ಉದ್ದ. ಶಾಮಿಯಾನದವರು ಒಂದು ಹಲಗೆ ಒರಗಿಸಿ ಸಾಕು ಅಂದರೆ ಒಪ್ಪಬೇಡಿ. ಜಾಗ ಇಲ್ಲದಿದ್ದರೆ ವೇದಿಕೆಯೇ ಬೇಡ, ನೆಲದಲ್ಲೇ ಕಾರ್ಯಕ್ರಮ ಮಾಡಿ.

ಸನ್ನೆ ಭಾಷೆಯ ಅನುವಾದಕರು ಇಬ್ಬರಿರಲಿ, ಒಬ್ಬರಿಗೇ ಆದರೆ ಬೇಗ ದಣಿವಾಗುತ್ತದೆ. ಪ್ರಕಟಣೆ ಮಲಯಾಳದ ಜೊತೆ ಕನ್ನಡದಲ್ಲೂ ಬರಲಿ, ಕಣ್ಣು ಕಾಣದವರಿಗೆ ಆಡಿಯೊ ಕಳಿಸಿ.

ನಿಮ್ಮ ಸಭಾಂಗಣ ನಾನು ನೋಡಿಲ್ಲ. ಟಾಯ್ಲೆಟ್ ಬಾಗಿಲು 90 ಸೆಂ.ಮೀ. ಅಗಲ ಇದೆಯಾ ಅಂತ ಟೇಪ್ ಹಿಡಿದು ನೋಡಿ. ತೀರಾ ಕಿರಿದಾಗಿದ್ದರೆ ಮುಂಗಡ ಕೊಡುವ ಮೊದಲೇ ಬೇರೆ ಜಾಗ ಹುಡುಕಿ.