ಪಾಂಡಾ ಮತ್ತು ಮಣ್ಣಿನ ಬ್ಯಾಕ್ಟೀರಿಯಾ: ಜೀನ್ ಲೆಕ್ಕ ಯಾಕೆ ಹೊಂದಲ್ಲ

ಪಾಂಡಾನೂ ಬ್ಯಾಕ್ಟೀರಿಯಾನೂ ಹೋಲಿಸೋ ನಿಮ್ಮ ಚಾರ್ಟಿನ ಲೆಕ್ಕ ತಪ್ಪಿಲ್ಲ ಅನ್ಸುತ್ತೆ. ಪಾಂಡಾ ಡಿಎನ್‌ಎ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾದ್ದಕ್ಕಿಂತ ಸುಮಾರು 280 ಪಟ್ಟು ಬರ್ತಿದೆ, ಜೀನ್ ಮಾತ್ರ 3 ಪಟ್ಟೂ ಇಲ್ಲ, ಎಲ್ಲಿ ಎಡವಿದೆ ಅಂತ ಕೇಳಿದೀರಲ್ಲ, ಕಾರಣ ಏನಂದ್ರೆ ಪಾಂಡಾದಲ್ಲಿ ಪ್ರೋಟೀನಿಗೆ ಕೋಡ್ ಮಾಡೋ ಡಿಎನ್‌ಎ ಪಾಲು ತುಂಬಾ ಕಮ್ಮಿ, ಬ್ಯಾಕ್ಟೀರಿಯಾದಲ್ಲಿ ಜೀನ್‌ಗಳು ಒತ್ತೊತ್ತಾಗಿ ಕೂತಿರ್ತವೆ.

ಮೊದಲು ಯೂನಿಟ್ ಚೆಕ್ ಮಾಡಿ. ಬ್ಯಾಕ್ಟೀರಿಯಾದ ಕ್ರೋಮೊಸೋಮ್ ಸುಮಾರು 86.7 ಲಕ್ಷ ಬೇಸ್ ಜೋಡಿ (ಡಿಎನ್‌ಎ ಏಣಿಯ ಒಂದೊಂದು ಮೆಟ್ಟಿಲು), ಪಾಂಡಾದ್ದು ಸುಮಾರು 240 ಕೋಟಿ. ಈ 240 ಕೋಟಿ ಒಂದೇ ಸೆಟ್‌ದು, ಜೋಡಿ ಜೋಡಿಯಾಗಿ ಎರಡು ಸೆಟ್ ಸೇರಿ 42 ಕ್ರೋಮೊಸೋಮ್ ಇದೆ ಅಂತ ಎರಡರಿಂದ ಗುಣಿಸಬೇಡಿ, ಇಲ್ಲೇ ತುಂಬಾ ಜನ ಎಡವೋದು.

ಆಮೇಲೆ ಜೀನ್ ಸಂಖ್ಯೆಯಿಂದ ಭಾಗಿಸಿ. ಬ್ಯಾಕ್ಟೀರಿಯಾಗೆ 7,825, ಅಂದ್ರೆ ಸುಮಾರು 1,100 ಬೇಸ್‌ಗೆ ಒಂದು ಜೀನ್. ಪಾಂಡಾಗೆ 21,000 ಅಂತ ಇಟ್ಕೊಂಡ್ರೆ 1.14 ಲಕ್ಷ ಬೇಸ್‌ಗೆ ಒಂದು. ಪಾಂಡಾ ಸಂಖ್ಯೆ ಒಂದೊಂದು ಡೇಟಾ ವರ್ಷನ್‌ನಲ್ಲಿ ಸ್ವಲ್ಪ ಬೇರೆ ಬರುತ್ತೆ, ಅದಕ್ಕೆ 'ಸುಮಾರು' ಅಂತಲೇ ಬರೀರಿ.

ಇನ್ನೊಂದು, ಬರೀ ಎಣಿಕೆ ಹಾಕಿ ಬಿಟ್ಬಿಡಬೇಡಿ ದಯವಿಟ್ಟು, ನಿಜವಾದ ಸ್ವಾರಸ್ಯ ಜೀನ್ ಏನ್ ಕೆಲಸ ಮಾಡುತ್ತೆ ಅನ್ನೋದ್ರಲ್ಲಿದೆ. ದಿನವಿಡೀ ಬಿದಿರು ತಿನ್ನೋ ಪಾಂಡಾಗೆ ಸೆಲ್ಯುಲೋಸ್ (ಗಿಡದ ನಾರು) ಒಡೆಯೋ ಎಂಜೈಮಾದ ಸೆಲ್ಯುಲೇಸ್‌ನ ಜೀನ್ ಸ್ವಂತದ್ದಿಲ್ಲ, ಪಾಂಡಾದ ಪೂರ್ತಿ ಡಿಎನ್‌ಎ ಓದಿದ 2010ರ ಜೀನೋಮ್ ಪೇಪರ್‌ನಲ್ಲೇ ಇದು ಗೊತ್ತಾಗಿದ್ದು, ಮಾಂಸದ ರುಚಿ ಹಿಡಿಯೋ ಉಮಾಮಿ ಜೀನ್ ಕೂಡ ಕೆಟ್ಟೋಗಿದೆ. ಮಣ್ಣಲ್ಲಿರೋ ಈ ಸ್ಟ್ರೆಪ್ಟೊಮೈಸಿಸ್ ಹತ್ರ ಸೆಲ್ಯುಲೇಸ್ ಜೀನ್‌ಗಳು ಇವೆ. ಚಾರ್ಟಿನ ಕೊನೇ ಕಾಲಮ್‌ಗೆ ಇದನ್ನ ಹಾಕಿ.