‘ಬಾಲಾಪರಾಧಿ’ ಕಥೆ ಬಗ್ಗೆ, ಸ್ವಲ್ಪ ನೇರವಾಗಿ

ನಮಸ್ಕಾರ. ನೀವು ಕಳ್ಸಿದ ‘ಬಾಲಾಪರಾಧಿ’ ಕಥೆ ಎರಡು ಸಲ ಓದ್ದೆ. ಈ ರೂಪದಲ್ಲಿ ಹಾಕೋಕಾಗಲ್ಲ. ಬೇಜಾರ್ ಮಾಡ್ಕೋಬೇಡಿ, ತಿದ್ದಿದ್ರೆ ಖಂಡಿತ ನಿಲ್ಲೋ ಕಥೆ, ಅದಕ್ಕೇ ಇಷ್ಟುದ್ದ ಬರೀತಿದೀನಿ.

ಹದಿನಾರರ ಚೇತು ಲಗ್ಗೆರೆಲಿ ಯಾರದೋ ಬೈಕ್ ತಳ್ಕೊಂಡು ಹೋಗಿ ಸಿಕ್ಕಾಕೊಳ್ತಾನೆ. ಸರಿ. ಆದ್ರೆ ಅವನು ಸಿಕ್ಕಿದ ಸಾಲಿಂದ ಕೊನೇವರೆಗೂ ಅವನ ಹೆಸ್ರು ಮಾಯ. ‘ಬಾಲಾಪರಾಧಿ ತಲೆ ತಗ್ಗಿಸಿದ’, ‘ಬಾಲಾಪರಾಧಿ ನೀರು ಕೇಳಿದ’, ಎಣಿಸಿದ್ರೆ ಹದಿನಾಲ್ಕು ಸಲ. ಬಾಲ ಪ್ಲಸ್ ಅಪರಾಧಿ, ಸವರ್ಣದೀರ್ಘ ಸಂಧಿ, ಸ್ಕೂಲಲ್ಲಿ ಓದಿರ್ತೀರ. ವಿಚಾರಣೆ ಇನ್ನೂ ಶುರುನೇ ಆಗಿಲ್ಲ, ಸಂಧಿನೇ ತೀರ್ಪು ಕೊಟ್ಬಿಟ್ಟಿದೆ! ನಾನೇನೂ ಸಾಚಾ ಅಲ್ಲ, ಪೇಪರ್ ಡೆಸ್ಕಲ್ಲಿದ್ದಾಗ ‘ಬಾಲಾಪರಾಧಿ ಸೆರೆ’ ಅಂತ ಎಷ್ಟು ಹೆಡ್ಡಿಂಗ್ ಕೊಟ್ಟಿದೀನೋ, ಸಿಂಗಲ್ ಕಾಲಂಗೆ ಅಳತೆ ಮಾಡಿದಂಗೆ ಕೂರ್ತಿತ್ತು ನೋಡಿ.

ಕಾನೂನೇ ಈ ಪದ ಬಿಟ್ಟು ತುಂಬಾ ದಿನ ಆಯ್ತು. 1986ರ ಕಾಯ್ದೆಲಿ ‘ಡೆಲಿಂಕ್ವೆಂಟ್ ಜುವೆನೈಲ್’ ಅಂತಿತ್ತು, 2000ದಲ್ಲಿ ಬದಲಾಯ್ತು, 2015ರ ಬಾಲನ್ಯಾಯ ಕಾಯ್ದೆಲಿ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’. ಮಗುವಿನ ವಿಚಾರಣೆಲಿ ಆರೋಪಿಸೋ ಥರದ ಮಾತು ಬಳಸಬಾರದು ಅಂತ ಅದ್ರ ಮೂರನೇ ಸೆಕ್ಷನ್ನೇ ಹೇಳುತ್ತೆ. ಹಾಗಂತ ಆ ಉದ್ದದ ಪದ ತಂದು ಕಥೆಲಿ ತುರುಕಬೇಡಿ ಮತ್ತೆ, ಸರ್ಕಾರಿ ಸುತ್ತೋಲೆ ಆಗಿಬಿಡುತ್ತೆ. ಅದು ಪರಿವೀಕ್ಷಣಾಧಿಕಾರಿಯ (ಹುಡುಗನ ಮನೆ, ಹಿನ್ನೆಲೆ ವಿಚಾರಿಸಿ ವರದಿ ಕೊಡೋ ಪ್ರೊಬೇಷನ್ ಆಫೀಸರ್) ರಿಪೋರ್ಟಲ್ಲಿ ಇರ್ಲಿ. ಪಕ್ಕದ ಮನೆಯೋರು ‘ಅವ್ನು ಕೇಸಲ್ಲವ್ನೆ’ ಅಂತಾರೆ, ಅಮ್ಮ ‘ನಮ್ ಹುಡ್ಗ ಸವಾಸದಿಂದ ಕೆಟ್ಟ’ ಅಂತಾಳೆ, ಏರಿಯಾ ಹುಡುಗ್ರು ‘ಮಚ್ಚಾ ರಿಮ್ಯಾಂಡ್ ಹೋಮಲ್ಲವ್ನೆ’ ಅಂತ ಒಂಥರಾ ಜಂಬದಲ್ಲೇ ಹೇಳ್ತಾರೆ. ನಿರೂಪಕರಾಗಿ ನಿಮಗೆ ಚೇತು ಅನ್ನೋ ಹೆಸ್ರು ಸಾಕು. ಕಥೆ ಆದ್ರಿಂದ ಹೆಸ್ರು ಬಳಸ್ಬಹುದು, ನಿಜವಾದ ಹುಡುಗನ ಬಗ್ಗೆ ವರದಿ ಬರೆದಿದ್ರೆ ಹೆಸ್ರು, ಸ್ಕೂಲು, ಫೋಟೋ ಏನೂ ಹಾಕಂಗಿಲ್ಲ, 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಇಲ್ಲಾ 2 ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು.

ಇನ್ನು ನಿಮ್ಮ ಕೋರ್ಟ್ ಸೀನ್. ಕಟಕಟೆ, ಕೋಳ, ಸುತ್ತಿಗೆ ಕುಟ್ಟೋ ಜಡ್ಜು, ಏಳು ವರ್ಷ ಜೈಲು. ಸಿನಿಮಾ ನೋಡಿ ಬರ್ದಿದೀರ ಅಂತ ಗೊತ್ತಾಗುತ್ತೆ. ಇಂಥ ಹುಡುಗನಿಗೆ ಕೋಳ ಹಾಕಂಗಿಲ್ಲ, ಲಾಕಪ್ಪಿಗೂ ಹಾಕಂಗಿಲ್ಲ, 24 ಗಂಟೆ ಒಳಗೆ ಬಾಲನ್ಯಾಯ ಮಂಡಳಿ ಮುಂದೆ ತರ್ಬೇಕು. ಅಲ್ಲಿ ಒಬ್ರು ಮ್ಯಾಜಿಸ್ಟ್ರೇಟು, ಇಬ್ರು ಸಮಾಜ ಕಾರ್ಯಕರ್ತರು, ಆ ಇಬ್ರಲ್ಲಿ ಒಬ್ರಾದ್ರೂ ಹೆಂಗಸು. ಎತ್ತರದ ವೇದಿಕೆ, ಕಟಕಟೆ ಇರಬಾರದು ಅಂತ ರೂಲ್ಸಲ್ಲೇ ಇದೆ. ಬೈಕ್ ಕದ್ದಿದ್ದಕ್ಕೆ ಬುದ್ಧಿ ಹೇಳಿ ಕಳಿಸೋದ್ರಿಂದ ಹಿಡಿದು ಹೆಚ್ಚಂದ್ರೆ ಮೂರು ವರ್ಷ ವಿಶೇಷ ಗೃಹ (ಜೈಲಲ್ಲ, ಇಂಥ ಹುಡುಗರನ್ನ ಇಟ್ಟು ತಿದ್ದೋ ಜಾಗ), ಅಷ್ಟೇ. ರೂಲ್ ಇದ್ದಂಗೆಲ್ಲಾ ನಡೆಯುತ್ತೆ ಅಂತ ನಾನು ಹೇಳ್ತಿಲ್ಲ. ಸ್ಟೇಷನಲ್ಲಿ ಏಟು ಬಿತ್ತು ಅಂತ ಬರೀಬೇಕಾ, ಬರೀರಿ. ಆದ್ರೆ ಅದು ನಡೀಬಾರದಿತ್ತು ಅಂತ ಬರೆಯೋರಿಗೆ ಗೊತ್ತಿದ್ರೆ ಆ ಏಟಿನ ತೂಕನೇ ಬೇರೆ. ಮಂಡಳಿಲಿ ಸುತ್ತಿಗೆ ಬದಲು ಆ ಮೂರೂ ಜನ ಚೇತುನ ಸಮಸಮ ಕೂತು ‘ಊಟ ಆಯ್ತೇನಪ್ಪಾ’ ಅಂತ ಕೇಳಿದ್ರೆ ಅವನೇನು ಮಾಡ್ತಾನೆ? ನಂಗೆ ಆ ಸೀನ್ ಓದೋ ಆಸೆ.

ಒಂದು ಜಾಗದಲ್ಲಿ ಮಾತ್ರ ನೀವು ನನ್ನ ಹಿಡಿದು ನಿಲ್ಲಿಸಿದ್ರಿ. ಅಮ್ಮ ವೀಕ್ಷಣಾಲಯದ (ವಿಚಾರಣೆ ಮುಗಿಯೋವರೆಗೆ ಹುಡುಗ್ರನ್ನ ಇಡೋ ಜಾಗ, ಏರಿಯಾ ಹುಡುಗ್ರ ‘ರಿಮ್ಯಾಂಡ್ ಹೋಮ್’) ಗೇಟಿಗೆ ಚಿತ್ರಾನ್ನದ ಸ್ಟೀಲ್ ಡಬ್ಬಿ ತರ್ತಾಳೆ, ಹೊರಗಿನ ಊಟ ಬಿಡಲ್ಲಮ್ಮ ಅಂತಾರೆ, ವಾಪಸ್ ಬರ್ತಾ ಡೈರಿ ಸರ್ಕಲ್ ಬಸ್‌ಸ್ಟಾಪಲ್ಲಿ ಕೂತು ತಾನೇ ತಿಂದು, ಅವನಿಗೆ ಅಂತ ಹಾಕಿದ್ದ ಕಡ್ಲೆಬೀಜ ಮಾತ್ರ ಆರಿಸಿ ಮುಚ್ಚಳದಲ್ಲಿ ಇಟ್ಕೋತಾಳೆ. ಅಬ್ಬಾ. ಆದ್ರೆ ಆ ಪ್ಯಾರಾದಲ್ಲೂ ಅವಳನ್ನ ‘ಬಾಲಾಪರಾಧಿಯ ತಾಯಿ’ ಅಂದಿದೀರಲ್ರೀ! ಅದನ್ನ ಹೊಡೆದುಹಾಕಿ, ಡಬ್ಬಿನ ಮುಟ್ಟಬೇಡಿ.

ಟೈಟಲ್ಲೂ ಬೇರೆ ಯೋಚ್ನೆ ಮಾಡಿ. ತಿದ್ದಿ ಮುಂದಿನ ತಿಂಗಳೊಳಗೆ ಕಳ್ಸಿ, ಯುನಿಕೋಡಲ್ಲೇ ಕಳ್ಸಿ ಪ್ಲೀಸ್, ಈ ಸಲ ‘ನುಡಿ’ ಫಾಂಟಿನ ಫೈಲು ಕನ್ವರ್ಟ್ ಮಾಡೋಷ್ಟ್ರಲ್ಲಿ ನಿಮ್ಮ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ.